ನಾಲ್ಕನೆಯದರಿಂದ ಒಂದನೆಯದಕ್ಕೆ

ಕಳೆದ ತಿಂಗಳು ಪುಣೆಯಿಂದ ಫೋನ್ ಬಂತು. ಗುರುತಿಲ್ಲದ ನಂಬರನ್ನು ನಾನು ಎತ್ತುವವಳಲ್ಲ. ಪ್ಲಾಟು ಬೇಕಾ, ಪಾಲಿಸಿ ಬೇಕಾ ಎಂದು ತಲೆ ತಿನ್ನುವವರೇ ಹೆಚ್ಚು. ಮೂರನೇ ಸಲವೂ ಬಂದಾಗ ಸಿಟ್ಟಿನಿಂದಲೇ ಎತ್ತಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಅಪ್ಪ ಹೋಗಿ ಎಂಟು ದಿನ ಆಯಿತು, ಅವರ ಫೋನಿನಲ್ಲಿ ನಿಮ್ಮ ನಂಬರು ‘ಬೀದರ ಬಾಯಾರು’ ಅಂತ ಇತ್ತು, ಅದಕ್ಕೆ ಹೇಳುತ್ತಿದ್ದೇನೆ ಎಂದಳು. ನನ್ನನ್ನು ಮರ್ಯಾದೆ ಕೊಟ್ಟು ಬಾಯಾರು ಎಂದು ಕರೆದವರು ಈ ಜಗತ್ತಿನಲ್ಲಿ ಒಬ್ಬರೇ. ಅಪ್ಪನ ಹೆಸರು ಹೇಳುವ ಮೊದಲೇ ಯಾರು ಹೋದರೆಂದು ಗೊತ್ತಾಯಿತು. ಹುಡುಗಿ ಫೋನು ಇಡುವ ಮುಂಚೆ ನನ್ನನ್ನು ಒಂದು ಮಾತು ಕೇಳಿದಳು. ಅದನ್ನು ಈಗಲೇ ಬರೆಯಲು ಧೈರ್ಯ ಸಾಲದು. ಮೊದಲು ಅವರ ಬಗ್ಗೆ ಬರೆಯುತ್ತೇನೆ.

ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗಲೂ ಯಾರೂ ಓದಲಾರದ ಒಂದು ಗೀಟು ಎಳೆದು ಎದ್ದುಬಿಡುತ್ತಿದ್ದ ಮನುಷ್ಯ. ಬೀದರಿನ ಒಂದು ದೊಡ್ಡ ಕಚೇರಿ, ಅದರ ಹೆಸರೂ ಬೇಡ, ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವರದು. ಗುತ್ತಿಗೆ ನೌಕರಿ. ಮಂಗಳವಾರ ಭಾಲ್ಕಿ ಶಾಖೆ, ಶುಕ್ರವಾರ ಔರಾದ ಶಾಖೆ, ಉಳಿದ ದಿನ ಬೀದರ. ನಾನು ಆಗ ಇಪ್ಪತ್ನಾಲ್ಕರವಳು, ಚಿದ್ರಿಯ ಮನೆಯಿಂದ ಆಟೋದಲ್ಲಿ ಬಂದು ಡಾಟಾ ಎಂಟ್ರಿ ಮಾಡುತ್ತಿದ್ದವಳು. ಟೈಪಿಂಗ್ ಜೋರಿದ್ದ ತಪ್ಪಿಗೆ ನನ್ನನ್ನು ಎತ್ತಿ ಅವರ ಕೋಣೆಗೆ ಸಹಾಯಕಿ ಎಂದು ಹಾಕಿದರು.

ಕೋಣೆ ಎಂದರೆ ಹಳೆಯ ಕಲ್ಲಿನ ಕಟ್ಟಡದ ಕಡತದ ಕೋಣೆ. ಕಿಟಕಿ ಇದ್ದಲ್ಲಿ ಇಟ್ಟಿಗೆ ಕಟ್ಟಿ ಎಸಿ ಕೂರಿಸಿದ್ದರು. ಹಗಲೂ ಟ್ಯೂಬ್‌ಲೈಟು. ಒಂದು ಮೇಜು, ಎರಡು ಕುರ್ಚಿ, ಮತ್ತು ಗೋಡೆಗೆ ಬೆನ್ನು ಕೊಟ್ಟು ನಿಂತ ಕಬ್ಬಿಣದ ರ‍್ಯಾಕು. ಬಾಗಿಲು ಹಾಕಿದರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ತಿಳಿಯದು. ಮೊದಲ ವಾರವೇ ನನಗೆ ಉಸಿರು ಕಟ್ಟಿದಂತಾಗಿ, ಏನಾದರೂ ನೆಪ ಮಾಡಿ ಗಂಟೆಗೊಮ್ಮೆ ವರಾಂಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಅವರು ಆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದರು.

ಬೆಳಿಗ್ಗೆ ಬಂದವರು ಬಾಗಿಲು ತೆಗೆಯುವ ಮೊದಲು ಅದಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಒಳಗೆ ಮಶೀನುಗಳ ಫ್ಯಾನಿನ ಸದ್ದು ಸರಿಯಿದೆಯೇ ಎಂದು. ಆಮೇಲೆ ಒಳಗೆ ಹೋಗಿ, ಮಕ್ಕಳಿಗೆ ಜ್ವರ ನೋಡುವ ಹಾಗೆ, ಕಂಪ್ಯೂಟರುಗಳನ್ನು ಜೋಡಿಸುವ ಒಂದೊಂದೇ ಸ್ವಿಚ್ಚು ಪೆಟ್ಟಿಗೆಯ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತಿದ್ದರು. ಕೀಲಿ ಸೊಂಟದ ಉಡದಾರಕ್ಕೆ ಕಟ್ಟಿಕೊಂಡಿರುತ್ತಿತ್ತು. ತಂಬಾಕು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಸುಣ್ಣದ ಡಬ್ಬಿಯನ್ನು ಬಿಟ್ಟಿರಲಿಲ್ಲ. ಅದರೊಳಗೆ ಒಂದು ಪೆನ್‌ಡ್ರೈವು. ಎಲ್ಲ ಸ್ವಿಚ್ಚುಗಳ ಸೆಟ್ಟಿಂಗು ಅದರಲ್ಲಿ ನಕಲಾಗಿ ಕೂತಿರುತ್ತಿತ್ತು. ಡಬ್ಬಿ ರ‍್ಯಾಕಿನ ತಲೆಯ ಮೇಲೆ, ಒಂದು ಚಿಕ್ಕ ಬುದ್ಧನ ಪಟದ ಪಕ್ಕ.

ರ‍್ಯಾಕಿನಲ್ಲಿ ನಾಲ್ಕು ಸ್ವಿಚ್ಚುಗಳು, ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು. ಇಡೀ ಕಚೇರಿಯ ಕಂಪ್ಯೂಟರುಗಳ ತಂತಿ ಬಂದು ಸೇರುವುದು ಅಲ್ಲಿ. ಹಿಂದಿನಿಂದ ಒಂದನೆಯದಕ್ಕೂ ಎರಡನೆಯದಕ್ಕೂ ಗಿಡ್ಡ ದಪ್ಪ ಕೇಬಲು, ಎರಡನೆಯದಕ್ಕೂ ಮೂರನೆಯದಕ್ಕೂ ಇನ್ನೊಂದು, ಮೂರಕ್ಕೂ ನಾಲ್ಕಕ್ಕೂ ಮತ್ತೊಂದು. ಕೊನೆಗೆ ನಾಲ್ಕನೆಯದರಿಂದ ತಿರುಗಿ ಒಂದನೆಯದಕ್ಕೆ ಒಂದು ಉದ್ದದ ಕೇಬಲು. ಹೀಗೆ ಸುತ್ತು ಹಾಕಿ ಕಟ್ಟಿದರೆ ನಾಲ್ಕೂ ಸೇರಿ ಒಂದೇ ಸ್ವಿಚ್ಚಿನಂತೆ ನಡೆಯುತ್ತವೆ. ಒಂದು ಮಾಸ್ಟರು, ಉಳಿದ ಮೂರು ಅದರ ಮಾತು ಕೇಳುವವು. ಯಾವುದು ಮಾಸ್ಟರು ಎಂಬುದನ್ನು ನಂಬರು ಕೊಟ್ಟು ನಾವೇ ಹೇಳಿರಬೇಕು. ದೊಡ್ಡ ನಂಬರಿನದು ಯಜಮಾನ. ಅದು ಸತ್ತರೆ ಅದಕ್ಕಿಂತ ಸಣ್ಣ ನಂಬರಿನದು ತಾನಾಗಿ ಎದ್ದು ಕೆಲಸ ಹಿಡಿಯುತ್ತದೆ.

“ಸುತ್ತು ಮುಚ್ಚಿರಬೇಕ್ರಿ ಬಾಯಾರ,” ಎಂದು ಮೊದಲ ದಿನವೇ ಹೇಳಿದ್ದರು. “ಒಂದು ಕೇಬಲ್ ಕಡದ್ರೂ ಆ ಕಡಿಂದ ಸುತ್ತಿ ಬರ್ತದ. ಯಾರೊಬ್ಬರ ಮ್ಯಾಲೂ ಪೂರಾ ಭಾರ ಹಾಕಬಾರದು.”

ಇನ್ನೊಂದು ಪಾಠವನ್ನು ಅವರು ಪದೇ ಪದೇ ಹೇಳುತ್ತಿದ್ದರು. ಹೊಸ ಸ್ವಿಚ್ಚನ್ನು ಗುಂಪಿಗೆ ಸೇರಿಸುವಾಗ ಮೊದಲು ಕೇಬಲು, ಆಮೇಲೆ ಕರೆಂಟು. ಕರೆಂಟು ಕೊಟ್ಟು ಎಚ್ಚರವಾದ ಸ್ವಿಚ್ಚನ್ನು ತಂದು ಜೋಡಿಸಿದರೆ, ಅದು ತಾನೇ ಮಾಸ್ಟರು ಎಂದುಕೊಂಡೇ ಬರುತ್ತದೆ. ನಂಬರು ದೊಡ್ಡದಿದ್ದರಂತೂ ಹಳೆಯ ನಾಲ್ಕನ್ನೂ ತನ್ನ ಕೈಕೆಳಗೆ ಹಾಕಿಕೊಂಡು ಎಲ್ಲವನ್ನೂ ತನ್ನ ಹಾಗೆ ಖಾಲಿ ಮಾಡಿಬಿಡುತ್ತದೆ.

“ಹೊಸಾ ಸೊಸಿ ಬಂದಂಗ್ರಿ. ಬಂದ ದಿನಾನೇ ಅಡಗಿಮನಿ ಡಬ್ಬಿ ಎಲ್ಲಾ ಬದಲಿ ಮಾಡಿದ್ರ ಹ್ಯಾಂಗ?”

“ಡಬ್ಬಿ ಬರೊಬ್ಬರಿ ಇಟ್ಟಿರಂಗಿಲ್ರಿ ಸರ್, ಅದಕ್ಕ ಬದಲಿ ಮಾಡ್ತಾಳ,” ಎಂದೆ.

ಅವರು ಬಾಯಿ ತುಂಬ ನಕ್ಕರು. ಅಷ್ಟು ಜೋರಾಗಿ ನಕ್ಕಿದ್ದನ್ನು ಆಮೇಲೆ ಒಂದೆರಡು ಸಲ ಮಾತ್ರ ನೋಡಿದೆ.

ಸತತ ಮೂರು ವರ್ಷ ಮಳೆ ಕೈಕೊಟ್ಟ ಕಾಲ ಅದು. ನಮ್ಮ ಮನೆಗೆ ಹನ್ನೆರಡು ದಿನಕ್ಕೊಮ್ಮೆ ನಳದ ನೀರು. ಬೆಳಿಗ್ಗೆ ಆಟೋದಲ್ಲಿ ಬರುವಾಗ ಬಸ್‌ಸ್ಟ್ಯಾಂಡಿನ ಮುಂದೆ ಹಾಸಿಗೆ ಸುತ್ತಿದ ಗಂಟು, ಅಲ್ಯುಮಿನಿಯಂ ಬೋಗುಣಿ, ಕಂಕುಳಲ್ಲಿ ಕೂಸು, ಹೈದರಾಬಾದಿಗೋ ಪುಣೆಗೋ ಹೊರಟ ಜನ. ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಟ್ಟು ಹೋಗುವವರೆಲ್ಲ ಹೊರಡುವ ಮೊದಲು ನಮ್ಮ ಕಚೇರಿಯ ಕೌಂಟರ್ ಕಿಟಕಿಗಳ ಮುಂದೆ ಸಾಲು ನಿಲ್ಲುತ್ತಿದ್ದರು. ಹಾಸ್ಟೆಲ್ಲಿಗೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ನೆಟ್‌ವರ್ಕ್ ಬೇಕು.

ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ನಾವು ಬಕೆಟ್ ಇಟ್ಟಿರುತ್ತಿದ್ದೆವು. ದಿನಕ್ಕೆ ಅರ್ಧ ಬಕೆಟ್ ಆದರೆ ಹೆಚ್ಚು. ಅದಕ್ಕೆ ಕಸಗುಡಿಸುವ ಹೆಂಗಸಿಗೂ ಕಚೇರಿಯ ಸಿಪಾಯಿಗೂ ಜಗಳ ಹತ್ತಿ, ಸರ್ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಪಾಳಿ ಬರೆದಿಟ್ಟರು. ಸೋಮವಾರ ಅವಳು, ಮಂಗಳವಾರ ಅವನು. ತಮ್ಮ ಹೆಸರನ್ನು ಯಾವ ವಾರಕ್ಕೂ ಬರೆದುಕೊಂಡಿರಲಿಲ್ಲ.

ಅವರ ಊರು ಔರಾದ ಕಡೆಯದು. ಹೆಂಡತಿಯ ಅಣ್ಣತಮ್ಮಂದಿರೆಲ್ಲ ಪುಣೆ ಸೇರಿದ್ದರು. ಮಗಳಿಗೆ ಅಲ್ಲಿ ನರ್ಸಿಂಗ್ ಸೀಟು ಸಿಕ್ಕಿತೆಂದು ಹೆಂಡತಿಯೂ ಮಗಳ ಜೊತೆ ಹೋಗಿ ಒಂದು ಕೋಣೆ ಹಿಡಿದಿದ್ದರು. ಇವರು ಬೀದರಿನಲ್ಲಿ ಖಾನಾವಳಿಯ ಊಟ. ಮಗಳು ದಿನಾ ನಾಲ್ಕು ಗಂಟೆಗೆ ಫೋನ್ ಮಾಡುತ್ತಿದ್ದಳು. ಕೋಣೆಯ ಒಳಗೆ ರೇಂಜು ಸಿಗುತ್ತಿರಲಿಲ್ಲ, ಕೋಣೆ ಬಿಟ್ಟು ದೂರ ಹೋಗಲು ಇವರಿಗೆ ಮನಸ್ಸು ಬರುತ್ತಿರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು ಮಾತಾಡುತ್ತಿದ್ದರು. “ಹೂಂ ಅವ್ವ, ಉಂಡೀನಿ. ಬರ್ತೇನವ್ವ. ಈ ತಿಂಗಳ ಪಕ್ಕಾ.” ಆ ‘ಪಕ್ಕಾ’ವನ್ನು ನಾನು ಎಷ್ಟು ತಿಂಗಳು ಕೇಳಿದೆನೋ.

ಪುಣೆಯ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಕರೆ ಬಂದಿತ್ತು. ಇಲ್ಲಿಂದ ಬಿಡುಗಡೆ ಪತ್ರ ಕೊಟ್ಟರೆ ಸಾಕು, ಸೇರಿಕೊಳ್ಳಬಹುದು. ಇವರು ಅರ್ಜಿ ಹಿಡಿದು ಸಾಹೇಬರ ಮುಂದೆ ನಿಂತರು. ನಮ್ಮ ಸಾಹೇಬರು ಕೆಟ್ಟವರಲ್ಲ. ತಮ್ಮ ಕಾಲದಲ್ಲಿ ಏನೂ ನಿಲ್ಲಬಾರದು ಎಂಬುದೊಂದೇ ಅವರ ಚಿಂತೆ.

“ಹೋಗ್ರಿ, ಯಾರ ಬ್ಯಾಡ ಅಂದಾರ? ಆದ್ರ ನೀವಿಲ್ದ ಒಂದು ದಿನ ಇದು ನಡೀತದ ಅಂತ ನನಗ ತೋರಿಸ್ರಿ. ಆವತ್ತೇ ಸಹಿ ಮಾಡ್ತೇನಿ,” ಎಂದು ಸಾಹೇಬರು ನನ್ನ ಕಡೆ ತಿರುಗಿದರು. “ನೀವು ಚಾರ್ಜ್ ತಗೋತೀರೇನವ್ವ?”

ಚಾರ್ಜ್ ತೆಗೆದುಕೊಳ್ಳುವುದೆಂದರೆ ಕಾಗದದ ಮೇಲೆ ‘ಎಲ್ಲವನ್ನೂ ವಹಿಸಿಕೊಂಡಿದ್ದೇನೆ’ ಎಂದು ಸಹಿ ಹಾಕುವುದು. ಸಹಿ ಹಾಕಿದವರ ಸೊಂಟಕ್ಕೆ ಆ ಕೀಲಿ. ನನಗೆ ಕಲಬುರಗಿಯ ಹುಡುಗನ ಜೊತೆ ಮದುವೆಯ ಮಾತುಕತೆ ನಡೆದಿತ್ತು. ಇನ್ನೇನು ಈ ಊರಿನಿಂದ, ಈ ಇಟ್ಟಿಗೆ ಕಟ್ಟಿದ ಕಿಟಕಿಯಿಂದ ಪಾರಾದೆ ಎಂದುಕೊಂಡಿದ್ದೆ.

“ನನಗ ಬರಂಗಿಲ್ರಿ ಸರ್. ನಾ ಬರೇ ಟೈಪ್ ಮಾಡಾಕಿ,” ಎಂದೆ.

ಅದು ಅರ್ಧ ನಿಜ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅವರು ನನ್ನ ಮೇಲೆ ಬೇಸರ ತೋರಿಸಲಿಲ್ಲ. ಅಂದಿನಿಂದ ಪಾಠ ಮಾತ್ರ ಜೋರಾಯಿತು. ಉದ್ದ ನೋಟ್‌ಬುಕ್ ತಂದು ಕಮಾಂಡುಗಳನ್ನು ಹತ್ತತ್ತು ಸಲ ಬರೆಸಿದರು. ಭಾಲ್ಕಿ ಶಾಖೆಗೆ ಕರೆದುಕೊಂಡು ಹೋಗಿ ಅಲ್ಲಿನ ಎರಡೇ ಸ್ವಿಚ್ಚಿನ ಜೋಡಿಯನ್ನು ನನ್ನ ಕೈಯಿಂದಲೇ ಬಿಚ್ಚಿಸಿ ಕಟ್ಟಿಸಿದರು. ನಾನು ಕಟ್ಟುತ್ತಿದ್ದರೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ತಪ್ಪಿದಾಗ ಗಂಟಲು ಸರಿಮಾಡಿಕೊಳ್ಳುವರು, ಅಷ್ಟೆ. ನಾಲ್ಕು ತಿಂಗಳಲ್ಲಿ ಆ ಗಂಟಲಿನ ಸದ್ದು ನಿಂತುಹೋಯಿತು. ನನಗೆ ಬರುತ್ತಿತ್ತು. ನನಗೆ ಬರುತ್ತದೆ ಎಂಬುದು ಬೆಳೆದಷ್ಟೂ ನನಗೆ ಹೆದರಿಕೆಯೂ ಬೆಳೆಯಿತು. ಮದುವೆಯ ದಿನ ಗೊತ್ತಾಗಿತ್ತು. ಯಾರಿಗೂ ತಿಳಿಯದಂತೆ ದಡ್ಡಿಯಾಗಿ ಇರುವುದನ್ನು ಕಲಿತೆ. ಸಾಹೇಬರ ಮುಂದೆ ಬೇಕೆಂದೇ ತಪ್ಪು ಬಟನ್ ಒತ್ತಿದ್ದೂ ಇದೆ.

ಆ ಶುಕ್ರವಾರ ಅವರು ಔರಾದಕ್ಕೆ ಹೋಗಿದ್ದರು. ಹಾಸ್ಟೆಲ್ ಅರ್ಜಿಗೆ ಕೊನೆಯ ದಿನ. ಸಾಲು ಬಾಗಿಲು ದಾಟಿ ಬೇವಿನ ಮರದವರೆಗೆ ಹೋಗಿತ್ತು. ಹೊಸ ಕಿಟಕಿಗಳಿಗೆಂದು ತರಿಸಿದ ಐದನೇ ಸ್ವಿಚ್ಚನ್ನು ತೆಗೆದುಕೊಂಡು ಕಂಪನಿಯ ಒಬ್ಬ ಮನುಷ್ಯ ಹೈದರಾಬಾದಿನಿಂದ ಬಂದ. ಸರ್ ಬರಲಿ ಎಂದೆ. ಬಸ್ಸಿಗೆ ಹೊತ್ತಾಗುತ್ತದೆ, ಐದು ನಿಮಿಷದ ಕೆಲಸ ಎಂದ. ಮೇಜಿನ ಮೇಲಿಟ್ಟು ಕರೆಂಟು ಕೊಟ್ಟು, ದೀಪ ಹತ್ತಿದ್ದನ್ನು ನನಗೆ ಹೆಮ್ಮೆಯಿಂದ ತೋರಿಸಿ, ಹಾಗೆಯೇ, ಎಚ್ಚರವಾಗಿಯೇ, ತಂದು ಜೋಡಿಸಿಬಿಟ್ಟ. ಅದಕ್ಕೆ ಕಂಪನಿಯ ಅಂಗಡಿಯಲ್ಲೇ ಯಾರೋ ದೊಡ್ಡ ನಂಬರು ಕೊಟ್ಟಿಟ್ಟಿದ್ದರು. ನಾನು “ತಡೀರಿ” ಎನ್ನುವಷ್ಟರಲ್ಲಿ ಹಳೆಯ ನಾಲ್ಕೂ ಒಮ್ಮೆ ಕಣ್ಣು ಮುಚ್ಚಿ ಮತ್ತೆ ತೆರೆದವು. ತೆರೆದಾಗ ಅವುಗಳಿಗೆ ನಮ್ಮ ಕಚೇರಿಯ ನೆನಪೇ ಇರಲಿಲ್ಲ. ಸಾಲದ್ದಕ್ಕೆ ಆ ಮಹಾನುಭಾವ ಗಾಬರಿಯಲ್ಲಿ ಸೇವ್ ಕೂಡ ಮಾಡಿದ. ಆಮೇಲೆ ಫೋನ್ ಮಾಡಿ ಬರುತ್ತೇನೆಂದು ಹೊರಗೆ ಹೋದವನು ಸಂಜೆಯವರೆಗೂ ಬರಲಿಲ್ಲ.

ಎಲ್ಲ ಕಿಟಕಿಗಳೂ ನಿಂತವು. ಅವರಿಗೆ ಫೋನ್ ಹಚ್ಚಿದೆ, ಬಂದ್. ಮತ್ತೆ ಹಚ್ಚಿದೆ, ಬಂದ್. ಹೊರಗಿನ ಗದ್ದಲ ಏರುತ್ತಿತ್ತು. ಒಬ್ಬ ಹೆಂಗಸು ನಮ್ಮ ಕೋಣೆಯ ಬಾಗಿಲಿಗೇ ಬಂದು, “ಯಕ್ಕಾ, ಎರಡ ಗಂಟೆಕ್ಕ ನಮ್ಮ ಬಸ್ ಅದ. ಹುಡುಗೀನ್ನ ಹಾಸ್ಟೆಲಕ್ಕ ತಗೊಳ್ಳಿಲ್ಲಂದ್ರ ಇಟ್ಟಂಗಿ ಭಟ್ಟಿಗೇ ಕರ್ಕೊಂಡು ಹೋಗಬೇಕಾಗ್ತದ,” ಎಂದಳು. ಅವಳ ಪಕ್ಕದಲ್ಲಿ ನಿಂತ ಹುಡುಗಿ ಸಾಲೆಯ ಚೀಲ ಹಾಕಿಕೊಂಡೇ ಬಂದಿತ್ತು.

ನಾನು ಬಾಗಿಲು ಹಾಕಿಕೊಂಡೆ. ಹೊಸದರ ಕರೆಂಟು ತೆಗೆದು ಕೇಬಲು ಬಿಚ್ಚಿ ಮೂಲೆಗಿಟ್ಟೆ. ನಾಲ್ಕನ್ನೂ ಆರಿಸಿದೆ. ಕೋಣೆಯಲ್ಲಿ ಫ್ಯಾನುಗಳ ಸದ್ದು ನಿಂತಿತು. ಒಂದನೆಯದನ್ನು ಮಾತ್ರ ಹಚ್ಚಿದೆ. ದೀಪ ಹಸಿರಾಗಿ ನಿಲ್ಲುವವರೆಗೆ ಕಾದೆ. ಸುಣ್ಣದ ಡಬ್ಬಿಯಿಂದ ಪೆನ್‌ಡ್ರೈವು ತೆಗೆದು ಹಳೆಯ ಸೆಟ್ಟಿಂಗು ಅದಕ್ಕೆ ತುಂಬಿದೆ, ನಂಬರುಗಳನ್ನು ತಾಳೆ ನೋಡಿದೆ. ಆಮೇಲೆ ಎರಡನೆಯದು. ಮೂರನೆಯದು. ನಾಲ್ಕನೆಯದು. ಒಂದು ಗಂಟೆಯೂ ಹಿಡಿಯಲಿಲ್ಲ. ಹೊರಗಿನಿಂದ ಪ್ರಿಂಟರಿನ ಸದ್ದು ಕೇಳಿದಾಗ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಆ ಕೋಣೆಯಲ್ಲಿ ಇನ್ನೊಂದು ದಿನ ಆಗಿಲ್ಲ.

ಆಗ ಸಾಹೇಬರು ಬಂದರು. “ಯಾರು ಸರಿ ಮಾಡಿದ್ರವ್ವ?”

ಸಂತೋಷ ಅಲ್ಲೇ ಇಂಗಿತು. ‘ನೀವಿಲ್ಲದೆ ಒಂದು ದಿನ’ ಎಂದಿದ್ದರಲ್ಲ, ಆ ದಿನ ಇದೇ. ನಾನು ‘ನಾನೇ’ ಎಂದರೆ ಅವರು ಪುಣೆಗೆ ಹೋಗುತ್ತಾರೆ, ಕೀಲಿ ನನಗೆ ಬರುತ್ತದೆ.

“ಸರ್ ಫೋನಿನ್ಯಾಗ ಹೇಳಿದ್ರು. ಹೇಳ್ದಂಗ ಒತ್ತಿದೆ ಅಷ್ಟರಿ,” ಎಂದೆ.

ಮೂರು ಗಂಟೆಗೆ ಅವರು ಬಂದರು. ಬಸ್ಸಿನ ಧೂಳು ತಲೆಯ ಮೇಲೆ, ಹುಬ್ಬಿನ ಮೇಲೆ. ಸಂತಪುರದಲ್ಲಿ ಯಾರೋ ಹೇಳಿ ಸುದ್ದಿ ತಿಳಿದು ಓಡಿ ಬಂದಿದ್ದರು. ಸಾಹೇಬರು ವರಾಂಡದಲ್ಲೇ ಹಿಡಿದು, “ಫೋನಿನ್ಯಾಗ ಇಷ್ಟ ಚಲೋ ಹೇಳ್ತೀರಿ ಅಂದ್ರ ನಿಮ್ಮನ್ನ ಬಿಡ್ಲಿ ಹ್ಯಾಂಗ್ರಿ ನಾ?” ಎಂದು ಬೆನ್ನು ತಟ್ಟಿದರು.

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರ ಕಿಸೆಯಲ್ಲಿ ಆರಿಹೋದ ಫೋನಿತ್ತು. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು.

“ಹೌದ್ರಿ ಸಾಹೇಬ್ರ,” ಎಂದರು. “ಬಾಯಾರು ಪಾಪ, ಹೇಳಿದಂಗ ಮಾಡಿದ್ರು.”

ಆಮೇಲೆ ಕೋಣೆಗೆ ಹೋಗಿ ಫೋನು ಚಾರ್ಜಿಗೆ ಹಚ್ಚಿ, ರ‍್ಯಾಕಿನ ಹಿಂದೆ ಸ್ವಲ್ಪ ಹೊತ್ತು ನಿಂತು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. “ಚಾ ಕುಡ್ಯೂಣ ಬರ್ರಿ,” ಎಂದರು. ನಾಲ್ಕಕ್ಕೆ ಮಗಳ ಫೋನ್ ಬಂತು. ಆ ದಿನ ಅವರು ‘ಪಕ್ಕಾ’ ಎನ್ನಲಿಲ್ಲ.

ಎರಡು ತಿಂಗಳ ಮೇಲೆ ನಾನು ರಾಜೀನಾಮೆ ಕೊಟ್ಟಾಗ ಸಾಹೇಬರು ನಿಂತ ಕಾಲಲ್ಲೇ ಸಹಿ ಮಾಡಿದರು. ‘ಇಕಿಗೇನು ಬರ್ತಿತ್ತು, ಹೋಗ್ಲಿ’ ಎಂಬ ಹಾಗಿತ್ತು ಅವರ ಮುಖ. ಏನೂ ಬಾರದವಳಿಗೆ ಐದು ನಿಮಿಷದಲ್ಲಿ ಬಿಡುಗಡೆ. ಎಲ್ಲ ಬರುವವರು ಒಳಗೇ. ಪ್ರತಿ ಮಶೀನಿಗೂ ಇನ್ನೊಂದನ್ನು ಬೆನ್ನಿಗೆ ಇಟ್ಟ ಮನುಷ್ಯನ ಬೆನ್ನಿಗೆ ಯಾರೂ ಇರಲಿಲ್ಲ. ನಾನಿದ್ದೆ. ಇಲ್ಲ ಎಂದೆ.

ಕಲಬುರಗಿಗೆ ಬಂದು ಮದುವೆ, ಮಗು. ಕೈಗೆ ಬಂದದ್ದು ಅದೇ ವಿದ್ಯೆ ತಾನೆ. ಒಂದು ಆಸ್ಪತ್ರೆಯಲ್ಲಿ ಅದೇ ಕೆಲಸ. ಈ ಕೋಣೆಗೂ ಕಿಟಕಿಯಿಲ್ಲ. ಹಾಗಾದರೆ ಅಷ್ಟೆಲ್ಲ ಸುಳ್ಳು ಹೇಳಿ ಗಳಿಸಿದ್ದೇನು ಎಂದು ನನ್ನ ಗಂಡ ಒಮ್ಮೆ ತಮಾಷೆಗೆ ಕೇಳಿದಾಗ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಅವರನ್ನು ಮತ್ತೆ ಕಂಡದ್ದು ಆರು ವರ್ಷದ ಮೇಲೆ, ಭಾಲ್ಕಿ ರೈಲ್ವೆ ಸ್ಟೇಷನ್ನಿನಲ್ಲಿ. ನೆಂಟರ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಒಂದು ಟ್ರಂಕು ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದರು. ತಲೆ ಪೂರ್ತಿ ಬೆಳ್ಳಗೆ. ಅರವತ್ತು ತುಂಬಿ ಗುತ್ತಿಗೆ ಮುಗಿದಿತ್ತು. ಕಚೇರಿಯವರು ಒಂದು ಸಾಲಿನ ಮೆಸೇಜು ಕಳಿಸಿ, ನಾಳೆಯಿಂದ ಬರಬೇಡಿ ಎಂದರಂತೆ. ಚಾರ್ಜ್ ಯಾರಿಗೆ ಕೊಟ್ಟಿರಿ ಎಂದೆ. ಯಾರೂ ಕೇಳಲೇ ಇಲ್ಲ, ಕೀಲಿ ಸಿಪಾಯಿಗೆ ಕೊಟ್ಟು ಬಂದೆ ಎಂದರು. ಕಾರ್ಖಾನೆಯ ಕೆಲಸ ಎಂದೋ ಬೇರೆಯವರ ಪಾಲಾಗಿತ್ತು. ಮಗಳ ಕೋರ್ಸು ಮುಗಿದು ಮದುವೆಯೂ ಆಗಿತ್ತು. ಈಗ ಪುಣೆಗೆ ಹೊರಟಿದ್ದರು, ಇರಲು.

ನಾನು ನಿಂತೇ ಹೇಳಿದೆ. “ಸರ್, ಆ ಶುಕ್ರವಾರ ನಾ ಸುಳ್ಳು ಹೇಳಿದ್ದೆ.”

“ಗೊತ್ತದಲ್ಲ,” ಎಂದರು. “ನನ್ನ ಫೋನ್ ಬಂದ್ ಇತ್ತು. ಆವತ್ತ ಹಿಂದ ಹೋಗಿ ನೋಡ್ದೆ. ನಾಕನೇದ್ರಿಂದ ಒಂದನೇದಕ್ಕ ಬರೋ ಉದ್ದನ ಕೇಬಲ್ ಹಚ್ಚೋದ ಮರ್ತಿದ್ರಿ. ಜೋತಾಡ್ತಿತ್ತು. ಅದೊಂದೇ ತಪ್ಪು. ಉಳಿದದ್ದೆಲ್ಲಾ ಬರೊಬ್ಬರಿ ಇತ್ತು. ನನಗ ಭಾಳ ಖುಷಿ ಆಗಿತ್ತು ಅವತ್ತ.”

“ಮತ್ತ ಸಾಹೇಬ್ರ ಮುಂದ ಯಾಕ ಹೌದು ಅಂದ್ರಿ?”

ಮೊದಲ ಸಲ ಬಾಯಾರು ಬಿಟ್ಟು ಮಾತಾಡಿದರು. “ನಾ ಒಳಗ ಇದ್ದಾಂವ ತಂಗಿ. ಒಳಗ ಹ್ಯಾಂಗಿರ್ತದ ಅಂತ ಗೊತ್ತಿತ್ತು. ನಾ ಹೊರಗ ಬರ್ಲಾಕ ನಿನ್ನ ಒಳಗ ಹಾಕಿ ಕೀಲಿ ಹಾಕ್ಲೇನು?”

ರೈಲು ಬಂತು. ಟ್ರಂಕು ಎತ್ತಿಕೊಡಲು ಹೋದೆ, ಬಿಡಲಿಲ್ಲ. ಬಾಗಿಲಲ್ಲಿ ನಿಂತು, “ಆ ಕೇಬಲ್ ನಾ ಆವತ್ತೇ ಹಚ್ಚೀನಿ. ಫಿಕರ್ ಮಾಡಬ್ಯಾಡ,” ಎಂದು ನಕ್ಕರು. ನಂಬರು ಬರೆದುಕೊಂಡರು. ನಾನು ಒಮ್ಮೆಯೂ ಫೋನ್ ಮಾಡಲಿಲ್ಲ. ನಾಚಿಕೆ.

ಪುಣೆಯಲ್ಲಿ ಮೂರು ವರ್ಷ ಇದ್ದರಂತೆ. ಮಗಳು ಹೇಳಿದಳು. ಅಪಾರ್ಟ್‌ಮೆಂಟಿನವರ ವೈಫೈ ಕೆಟ್ಟರೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರಂತೆ, ಸಂಜೆ ಮೊಮ್ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. “ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ಅಕ್ಕಾ. ನನಗಿಂತ ಚಲೋ ಕಲ್ತಾಳ, ನಾ ಇಲ್ದಾಗ ಒಬ್ಬಾಕಿನೇ ಸತ್ತ ಮಶೀನ್ ಎಲ್ಲಾ ಎಬ್ಬಿಸಿದ್ಳು ಅಂತಿದ್ರು.”

ಆಮೇಲೆ ಅವಳೇ ದನಿ ತಗ್ಗಿಸಿ ಕೇಳಿದಳು.

“ಒಂದ ಮಾತ ಕೇಳ್ತೇನಿ, ತಪ್ಪ ತಿಳ್ಕೋಬ್ಯಾಡ್ರಿ. ಪಪ್ಪಾ ಕೇಳಿದ್ರ ಹೇಳ್ತಿರ್ಲಿಲ್ಲ, ನಗ್ತಿದ್ರು. ನಿಮಗ ಎಲ್ಲಾ ಬರ್ತಿತ್ತಲ್ರಿ ಅಕ್ಕಾ. ಮತ್ತ ಆ ಆಫೀಸಿನವ್ರು ನಮ್ಮ ಪಪ್ಪಾನ್ನ ಅಷ್ಟ ವರ್ಷ ಯಾಕ ಬಿಡ್ಲಿಲ್ರಿ?”

“ನನಗ ಬರಂಗಿಲ್ಲ ಅಂದಿದ್ನವ್ವ,” ಎಂದೆ. “ಬರ್ತಿತ್ತು. ಬರಂಗಿಲ್ಲ ಅಂದೆ.”

ಆಕೆ ಫೋನು ಇಡಲಿಲ್ಲ. ಆ ಕಡೆ ಯಾರೋ ನಳ ಬಿಟ್ಟರು. ಬಕೆಟ್ಟಿಗೆ ನೀರು ಬೀಳುವ ಸದ್ದು, ಅದು ತುಂಬುವವರೆಗೂ, ಕೇಳುತ್ತ ನಿಂತೆ.